ಮೂರು ಸಲ ಜರಡಿ ಹಿಡಿದ ಮರಳು

ನನ್ನ ಸೊಸೆ ಹನ್ನೊಂದು ವರ್ಷ ನನ್ನ ತಮ್ಮನ ಕೈಕೆಳಗೆ ಗಾರೆ ಕೆಲಸ ಮಾಡಿದಳು. ಮೊದಲೆರಡು ವರ್ಷ ಬಾಂಡಲಿ ಹೊತ್ತಳು. ಆಮೇಲೆ ಗಾರೆ ಕಲಸಿದಳು. ಆಮೇಲೆ ತಮ್ಮ ಊಟಕ್ಕೆ ಕೂತ ಹೊತ್ತು ನೋಡಿ ಅವನ ಕರಣೆ ತೆಗೆದುಕೊಂಡು ಗೋಡೆಯ ಮೂಲೆಯಲ್ಲಿ ಕೈ ಆಡಿಸಿದಳು. ಬರುಬರುತ್ತಾ ಅವನು ಕೈತೊಳೆದು ಬಂದು ನೋಡಿದರೆ, ತಾನು ಬಳಿದದ್ದು ಎಲ್ಲಿಗೆ ಮುಗಿಯಿತು, ಅವಳು ಬಳಿದದ್ದು ಎಲ್ಲಿ ಶುರುವಾಯಿತು ಎಂದು ಅವನಿಗೇ ಗುರುತು ಸಿಗುತ್ತಿರಲಿಲ್ಲ. ಆದರೂ ಮೇಸ್ತ್ರಿ ಎಂದರೆ ಅವನೇ. ಗೋಡೆ ನೋಡಿ "ಯಾರ ಕೆಲಸ ಇದು?" ಎಂದು ಯಾರಾದರೂ ಕೇಳಿದರೆ ಎಲ್ಲರ ಬೆರಳೂ ಅವನ ಕಡೆಗೇ ತಿರುಗುತ್ತಿತ್ತು. ಅವನೂ ಬೇಡ ಎನ್ನುತ್ತಿರಲಿಲ್ಲ.

ಹೀಗಿರುವಾಗ ಹಳೇ ಅಂಚೆ ಕಚೇರಿಯ ಕೆಲಸ ಬಂತು. ಮೊಳ ದಪ್ಪದ ಗೋಡೆಗಳು, ಹಿಂದಿನವರು ಸುಣ್ಣದಲ್ಲೇ ಕಟ್ಟಿದ್ದು. ನಡುವೆ ಯಾರೋ ಪುಣ್ಯಾತ್ಮರು ಮೇಲಿಂದ ಸಿಮೆಂಟು ಬಳಿದಿದ್ದರು. ಒಳಗಿನ ಥಂಡಿ ಹೊರಗೆ ಬರಲು ದಾರಿಯಿಲ್ಲದೆ ಗೋಡೆ ಅಲ್ಲಲ್ಲಿ ಕುರು ಎದ್ದ ಹಾಗೆ ಊದಿಕೊಂಡಿತ್ತು. ಅದನ್ನೆಲ್ಲ ಕಿತ್ತು ಮತ್ತೆ ಸುಣ್ಣದ ಗಾರೆಯನ್ನೇ ಹಾಕಬೇಕು ಎಂದು ಇಂಜಿನಿಯರಮ್ಮ ತೀರ್ಮಾನ ಮಾಡಿದರು. ಕಡ್ಡಿಯಂಥ ಹೆಂಗಸು, ಕೈಯಲ್ಲಿ ಯಾವಾಗಲೂ ಒಂದು ಬೀಗದ ಕೈ. ಅದರಿಂದ ಗೋಡೆ ತಟ್ಟುತ್ತಾ, ಕಿವಿಯಿಟ್ಟು, ಡಾಕ್ಟರು ಬೆನ್ನು ನೋಡುವ ಹಾಗೆ ನೋಡುತ್ತಿದ್ದರು.

ನನ್ನ ತಮ್ಮನನ್ನು ಕರೆಸಿ ಮಾತಾಡುತ್ತಿದ್ದಾಗ ಸೊಸೆ ಪಕ್ಕದಲ್ಲೇ ನಿಂತಿದ್ದಳು. ತಲೆಯ ಮೇಲೆ ತುಂಬಿದ ಬಾಂಡಲಿ. ಅದನ್ನು ಇಳಿಸದೆಯೇ ಕೇಳಿದಳಂತೆ: "ಮೇಡಂ, ನಾನೂ ಒಂದು ಪಟ್ಟಿ ಹಾಕಿ ತೋರಿಸಲಾ?"

ಇಂಜಿನಿಯರಮ್ಮ ಅವಳನ್ನೊಮ್ಮೆ, ಬಾಂಡಲಿಯನ್ನೊಮ್ಮೆ ನೋಡಿ ಹೇಳಿದರಂತೆ, "ಹಾಕಿ. ಹಿಂದಿನ ಗೋಡೇಲಿ ಇಬ್ಬರೂ ಒಂದೊಂದು ಮಾರು ಅಗಲ ಬಳೀರಿ. ತಿಂಗಳು ಬಿಟ್ಟು ನೋಡ್ತೀನಿ. ಬಿರುಕು ಬಿಡಬಾರದು, ಪುಡಿ ಉದುರಬಾರದು, ತಟ್ಟಿದರೆ ಪೊಳ್ಳು ಸದ್ದು ಬರಬಾರದು. ಕೆಟ್ಟರೆ ಒಂದೇ ಸಲ ಕಿತ್ತು ಮತ್ತೆ ಹಾಕಬಹುದು. ಯಾರದು ಮೇಲೋ ಅವರೇ ಇಡೀ ಕಟ್ಟಡಕ್ಕೆ ಮೇಸ್ತ್ರಿ."

ತಮ್ಮ ನಕ್ಕ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಸದ್ದು ಮಾತ್ರ ಜಾಸ್ತಿ. "ಆಗಲಿ ತಾಯಿ, ನಮ್ಮ ಹುಡುಗಿ ತಾನೇ. ಆದರೆ ಸೋತರೆ ಮುಖ ಊದಿಸಿಕೊಂಡು ಮನೇಲಿ ಕೂರೋ ಹಾಗಿಲ್ಲ. ಮಾರನೇ ದಿನ ಬಂದು ಇದೇ ಬಾಂಡಲಿ ಹೊರಬೇಕು."

"ಹೊರ್ತೀನಿ ಮಾವ, ಅದಕ್ಕೇನು," ಎಂದಳಂತೆ ಇವಳು.

ಸಂಜೆ ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳುವಾಗ ಅವಳ ಕೈ ಸುಮ್ಮನಿರಲಿಲ್ಲ, ಸೆರಗಿನ ತುದಿಯನ್ನು ಸುತ್ತುವುದು, ಬಿಡುವುದು. ಇನ್ನೊಂದು ಹನ್ನೊಂದು ವರ್ಷ ಬಾಂಡಲಿಯೋ, ಇಲ್ಲ ತನ್ನದೇ ಕರಣೆಯೋ ಎನ್ನುವುದು ಆ ಒಂದು ಮಾರು ಗೋಡೆಯ ಮೇಲೆ ನಿಂತಿತ್ತು.

"ಅತ್ತೆ, ಮರಳು ನೀವೇ ಆರಿಸಿಕೊಡಬೇಕು."

"ನಾನಲ್ಲದೆ ಇನ್ಯಾರೇ?" ಎಂದೆ.

ನನ್ನದು ಜರಡಿಯ ಕೆಲಸ. ಮದುವೆಯಾದ ವರ್ಷ ಹಿಡಿದ ಜರಡಿಯನ್ನು ಮೊನ್ನೆಮೊನ್ನೆಯವರೆಗೂ ಕೆಳಗಿಟ್ಟವಳಲ್ಲ. ಕಟ್ಟಡದವರೆಲ್ಲ ನನ್ನನ್ನು ಜರಡಿಯಕ್ಕ ಎಂದೇ ಕರೆಯುವುದು. ಅಡುಗೆ ಕೆಟ್ಟರೆ ಒಂದು ಹೊತ್ತಿನ ಗೊಣಗಾಟ. ಮರಳು ಕೆಟ್ಟರೆ ಗೋಡೆ ನಿಂತಿರುವಷ್ಟು ಕಾಲ ಬೈಗುಳ. ಇದನ್ನು ಕಲಿತದ್ದು ಬೈಸಿಕೊಂಡೇ.

ಮಾರನೆಯ ದಿನ ಇಬ್ಬರೂ ಮರಳಿನ ಅಂಗಳಕ್ಕೆ ಹೋದೆವು. ಅದರ ಯಜಮಾನನಿಗೆ ಅವನಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಏನು ಕೇಳಿದರೂ "ಆಯ್ತು" ಎನ್ನುತ್ತಾನೆಂದು ಆಯ್ತಣ್ಣ ಎಂದೇ ಹೆಸರು ಬಿದ್ದಿದೆ. ನಾಳೆಯೇ ಬೇಕು ಎಂದರೆ ಆಯ್ತು, ನಾಳೆ ಬೇಡ ಎಂದರೂ ಆಯ್ತು. ಅಂಗಳದಲ್ಲಿ ಮೂರು ರಾಶಿಗಳಿದ್ದವು.

ಮೊದಲು ಕಂಡದ್ದು ತೆಳು ಹಳದಿಯ ರಾಶಿ, ಕಣ್ಣಿಗೆ ತುಂಬ ಚೆಂದ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಉಗಿದೆ. "ಸಮುದ್ರದ ಹತ್ತಿರದ್ದು. ಉಪ್ಪಿದೆ. ಇದನ್ನ ಬಳಿದರೆ ಆರು ತಿಂಗಳಲ್ಲಿ ಗೋಡೆ ಮೇಲೆ ಬಿಳೀ ಬೂದಿ ಅರಳುತ್ತೆ."

"ಅಕ್ಕ, ಜನ ಮರಳು ನೋಡ್ತಾರೆ, ನೀನು ರುಚಿ ನೋಡ್ತೀಯ," ಎಂದ ಆಯ್ತಣ್ಣ.

"ನೀನು ಸುಳ್ಳು ಹೇಳಬಹುದು, ನಾಲಿಗೆ ಹೇಳಲ್ಲ."

"ಆಯ್ತು," ಎಂದ.

ಎರಡನೆಯದು ಕೆಂಪು ಛಾಯೆಯದು. ಒಂದು ಹಿಡಿ ತೆಗೆದು ಎರಡೂ ಅಂಗೈ ನಡುವೆ ತಿಕ್ಕಿ ಕೊಡವಿದೆ. ಮರಳು ಕೆಳಗೆ ಬಿತ್ತು, ಕೆಂಪು ಕೈಯಲ್ಲೇ ಉಳಿಯಿತು. ಮಣ್ಣಿದ್ದರೆ ಸುಣ್ಣ ಮಣ್ಣಿಗೆ ಅಂಟುತ್ತದೆಯೇ ಹೊರತು ಕಾಳಿಗೆ ಅಂಟುವುದಿಲ್ಲ. ಮೂರನೆಯ ಬೂದು ಬಣ್ಣದ ರಾಶಿಯಿಂದ ಒಂದು ಹಿಡಿ ಹಿಡಿದು ಸೊಸೆಯ ಕಿವಿಯ ಹತ್ತಿರ ಹಿಸುಕಿದೆ. ಕರಕರ ಎಂದಿತು.

"ಕೇಳಿಸ್ತಾ? ಮರಳು ಮಾತಾಡಬೇಕು. ಮೂಕ ಮರಳು ಬೇಡ."

ಹೊಳೆಯಲ್ಲಿ ಬಹಳ ದೂರ ಉರುಳಿ ಬಂದ ಮರಳು ಗುಂಡಗಾಗಿ ಒಂದರ ಮೇಲೊಂದು ಜಾರುತ್ತದೆ. ಮೂಲೆ ಉಳಿಸಿಕೊಂಡ ಕಾಳು ಪಕ್ಕದ ಕಾಳನ್ನು ಕಚ್ಚಿ ಹಿಡಿಯುತ್ತದೆ. ಸಂಸಾರದಲ್ಲಿ ಹೇಗೋ ಗೊತ್ತಿಲ್ಲ, ಗಾರೆಯಲ್ಲಿ ಮಾತ್ರ ಮೂಲೆ ಇದ್ದವರೇ ಬೇಕು. ಆ ರಾಶಿಯದೇ ಒಂದು ಗಾಡಿ ಮನೆಗೆ ಹಾಕಿಸಿಕೊಂಡೆವು. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಆಮೇಲೆ.

ದಿನಾ ಕಟ್ಟಡಕ್ಕೆ ಹಿಡಿಯುವ ಜರಡಿಯಲ್ಲಿ ಸಾಸಿವೆಯಷ್ಟು ಮರಳೂ ಇಳಿಯುತ್ತದೆ, ಮೆಣಸಿನ ಕಾಳಿನಷ್ಟು ದಪ್ಪದ್ದೂ ಇಳಿಯುತ್ತದೆ. ಆದರೆ ಇದು ನನ್ನ ಸೊಸೆಯ ಮೊದಲ ಗೋಡೆ. ಅದಕ್ಕೂ ಊರಿಗೆಲ್ಲ ಹಾಕುವ ಮರಳನ್ನೇ ಹಾಕುವುದೇ ಎನ್ನಿಸಿತು. ಮೊದಲ ದಿನ ದೊಡ್ಡ ಜರಡಿಯಲ್ಲಿ ಹಿಡಿದೆ. ಎರಡನೆಯ ದಿನ ಸಣ್ಣ ಜರಡಿಯಲ್ಲಿ ಹಿಡಿದೆ. ಮೂರನೆಯ ದಿನ ಅಡುಗೆ ಮನೆಯಿಂದ ಹಿಟ್ಟಿನ ಜರಡಿಯನ್ನೇ ತಂದೆ. ಸೊಂಟ ಹಿಡಿದುಕೊಂಡಿತು, ಆದರೂ ಬಿಡಲಿಲ್ಲ. ಜರಡಿಯ ಮೇಲೆ ಉಳಿದದ್ದನ್ನೆಲ್ಲ ಹಿತ್ತಲ ದಾರಿಗೆ ಸುರಿದೆ. ಕೆಳಗೆ ಬಿದ್ದದ್ದು ರೇಷ್ಮೆ, ಬೆರಳಿಟ್ಟರೆ ಬೆರಳೇ ಕಾಣದಷ್ಟು ಮೆತ್ತಗೆ.

ನನ್ನ ಮಗ ಬಸ್ ಡಿಪೋದಲ್ಲಿ ಟೈರು ಬದಲಾಯಿಸುವವನು. ಸಂಜೆ ಬಂದು ರಾಶಿಯ ಮೇಲೆ ಕೈಯಿಟ್ಟು, "ಅಮ್ಮ, ಇದನ್ನ ಗೋಡೆಗ್ಯಾಕೆ ಬಳೀತೀರಿ, ದಿಂಬಿಗೆ ತುಂಬಿ," ಎಂದ.

"ನೀನು ಟೈರು ನೋಡ್ಕೋ," ಎಂದೆ.

ಸೊಸೆ ಒಂದು ಹಿಡಿ ತೆಗೆದುಕೊಂಡಳು, ಕಿವಿಯ ಹತ್ತಿರ ಹಿಡಿದಳು, ಮತ್ತೆ ಹಾಗೇ ಹಾಕಿದಳು. "ಎಷ್ಟು ಕಷ್ಟಪಟ್ಟಿದೀರ ಅತ್ತೆ," ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಹಿಂದಿನ ಕೆಲಸದಿಂದ ಉಳಿದು, ತಿಂಗಳಿನಿಂದ ತೊಟ್ಟಿಯಲ್ಲಿ ನೆನೆದು ಬೆಣ್ಣೆಯಂತಾಗಿದ್ದ ಸುಣ್ಣಕ್ಕೆ ಆ ಮರಳನ್ನು ಸೇರಿಸಿ ಕಲಸಿದಳು. ಬಳಿದಳು, ಹಲಗೆಯಿಂದ ಉಜ್ಜಿದಳು. ಅಂಥ ನುಣುಪನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿ ತಮ್ಮನ ಪಟ್ಟಿ ಅದರ ಮುಂದೆ ಗೋಣಿಚೀಲದ ಹಾಗೆ ಒರಟಾಗಿ ಕಂಡಿತು. ನೋಡಿದೆಯಾ ಎನ್ನುವ ಹಾಗೆ ನಾನು ಅವನ ಎದುರಿಗೇ ಎರಡು ಸಲ ಕೆಮ್ಮಿದೆ.

"ಕಾದು ನೋಡೋಣ ಅಕ್ಕ, ಗೋಡೆ ಆರಲಿ," ಎಂದ ಅವನು.

ನಾಲ್ಕನೆಯ ದಿನ ಸೊಸೆ ಕೆಲಸಕ್ಕೆ ಹೋದವಳು ಅರ್ಧ ಗಂಟೆಯಲ್ಲೇ ವಾಪಸು ಬಂದಳು. ಅಡುಗೆ ಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು, "ಬಿಟ್ಟಿದೆ ಅತ್ತೆ," ಎಂದಳು.

ಹೋಗಿ ನೋಡಿದೆ. ಬತ್ತಿದ ಕೆರೆಯ ತಳದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಬಿರುಕು. ಕೂದಲೆಳೆಯಂಥವೇ, ಆದರೆ ಲೆಕ್ಕವಿಲ್ಲದಷ್ಟು. ತಮ್ಮನ ಗೋಣಿಚೀಲ ಮಾತ್ರ ಒಂದು ಗೆರೆಯೂ ಇಲ್ಲದೆ ಕೂತಿತ್ತು.

"ಸುಣ್ಣ ಸರಿ ನೆನೆದಿರಲಿಲ್ಲವೇನೋ," ಎಂದೆ. "ಇಲ್ಲ, ಗಾಳಿ ಜಾಸ್ತಿ ಬೀಸಿತೋ. ಈ ಕಡೆ ಬಿಸಿಲೂ ಜಾಸ್ತಿ ಬೀಳುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ತಮ್ಮ ಹಿಂದಿನಿಂದ. ಗೋಡೆಯ ಬುಡದಲ್ಲಿ ಉಳಿದಿದ್ದ ಮರಳನ್ನು ಚಿಟಿಕೆಯಲ್ಲಿ ತೆಗೆದು ನನ್ನ ಕೆನ್ನೆಗೆ ಹಚ್ಚಿದ. "ಅಕ್ಕ, ಇದು ಗೋಡೆಗೆ ತಂದದ್ದೋ, ಮುಖಕ್ಕೆ ತಂದದ್ದೋ?"

"ನಿನಗೆ ಮೊದಲೇ ಗೊತ್ತಿತ್ತಾ?"

"ರಾಶಿ ನೋಡಿದ ದಿನಾನೇ ಗೊತ್ತಿತ್ತು."

"ಬಾಯಲ್ಲಿ ಏನು ಇಟ್ಟುಕೊಂಡಿದ್ದೆ?"

"ಪಂದ್ಯ ಅಲ್ವೇನಕ್ಕ," ಎಂದು ನಗುತ್ತಾ ಹೋದ. ಅವನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ್ದಕ್ಕೆ ಅವತ್ತು ನಿಜವಾಗಿ ಪಶ್ಚಾತ್ತಾಪ ಪಟ್ಟೆ.

ಸೊಸೆಯ ಜೊತೆ ಮನೆಗೆ ನಡೆದೆ. ಮನೆಯ ಮೆಟ್ಟಿಲ ಮೇಲೆ ಕೂತ ಮೇಲೆ ಕೇಳಿದೆ: "ನಿನಗೂ ಗೊತ್ತಾಗಿತ್ತಾ?"

ಅವಳು ಕಾಲ ಬೆರಳು ನೋಡಿಕೊಂಡಳು. "ಕಲಸುವಾಗ ಗೊತ್ತಾಯ್ತು. ಹಿಟ್ಟು ಕಲಸಿದ ಹಾಗೆ ಅಂಟಂಟಾಯ್ತು. ಕರಣೆ ಎತ್ತಿದರೆ ಜೊತೆಗೇ ಬರ್ತಿತ್ತು. ಸುಣ್ಣ ಎಷ್ಟು ಹಾಕಿದರೂ ಸಾಲದು ಸಾಲದು ಅಂತಿತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಮೂರು ದಿನ ಸೊಂಟ ಮುರ್ಕೊಂಡು ಕೂತಿದ್ರಿ. ನಿಮಗೆ ಹೇಗೆ ಹೇಳಲಿ ಅತ್ತೆ?"

ಅತಿಯಾದರೆ ಅಮೃತವೂ ವಿಷ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಪ್ರೀತಿ ಜಾಸ್ತಿಯಾಗಿ ನಾನು ಮರಳು ಕೆಡಿಸಿದೆ, ಮರ್ಯಾದೆ ಜಾಸ್ತಿಯಾಗಿ ಅವಳು ಗೋಡೆ ಕೆಡಿಸಿಕೊಂಡಳು. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಕೆಟ್ಟವರಾಗಿದ್ದರೆ ಆ ಪಟ್ಟಿ ಉಳಿಯುತ್ತಿತ್ತು.

"ನೋಡು," ಎಂದೆ, "ನಾಳೆ ನೀನು ಮೇಸ್ತ್ರಿ ಆದರೆ ತಪ್ಪು ಮಾಡುವವರೆಲ್ಲ ನಿನಗಿಂತ ದೊಡ್ಡವರೇ ಆಗಿರ್ತಾರೆ. ಅವರ ಮುಖ ನೋಡ್ತಾ ಕೂತರೆ ಗೋಡೆ ನೋಡುವವರು ಯಾರು?"

"ನೋಡೋಣ ಅತ್ತೆ," ಎಂದಳು. ಅವಳ "ನೋಡೋಣ" ಎಂದರೆ ಆಗುವುದಿಲ್ಲ ಎಂದೇ ಲೆಕ್ಕ.

ಆದರೆ ಕೈ ಕಟ್ಟಿ ಕೂರುವ ಜಾತಿಯವಳಲ್ಲ. ಮಾರನೆಯ ದಿನ ಅಂಚೆ ಕಚೇರಿಯ ಹಳೆಯ ಗೋಡೆಯಿಂದ, ಹಿಂದಿನವರು ಹಾಕಿದ ಗಾರೆಯ ಒಂದು ಚೂರನ್ನು ಮುರಿದು ತಂದಳು. ಬಚ್ಚಲು ತೊಳೆಯುವ ಆಸಿಡ್ಡನ್ನು ಗಾಜಿನ ಲೋಟದಲ್ಲಿ ಸ್ವಲ್ಪವೇ ಹೊಯ್ದು ಚೂರನ್ನು ಅದಕ್ಕೆ ಹಾಕಿದಳು. ಬುಸ್ಸೆಂದು ನೊರೆ ಎದ್ದಿತು. ಸುಣ್ಣವೆಲ್ಲ ಕರಗಿದ ಮೇಲೆ ತಳದಲ್ಲಿ ಮರಳು ಉಳಿಯಿತು. ಅದನ್ನು ಮೂರು ನೀರಿನಲ್ಲಿ ತೊಳೆದು ಕಾಗದದ ಮೇಲೆ ಹರವಿದಳು. ಇಬ್ಬರೂ ಬಗ್ಗಿ ನೋಡಿದೆವು.

ಎಳ್ಳಿನಂಥವಿದ್ದವು, ಸಾಸಿವೆಯಂಥವಿದ್ದವು, ಮೆಣಸಿನ ಕಾಳಿನಂಥವೂ ಇದ್ದವು. ನಡುನಡುವೆ ಕೆಂಪಗೆ ಇಟ್ಟಿಗೆಯ ಚೂರು. ಹಿಟ್ಟಿನಂಥದ್ದು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು.

"ನೂರು ವರ್ಷ ನಿಂತಿರೋದು ಈ ಬೆರಕೆ," ಎಂದಳು ಸೊಸೆ.

ಆಮೇಲೆ ಎರಡು ಲೋಟ ತಂದಳು. ಒಂದಕ್ಕೆ ನನ್ನ ರೇಷ್ಮೆ, ಇನ್ನೊಂದಕ್ಕೆ ಜರಡಿ ಹಿಡಿಯದ ಒಣ ಮರಳು, ಎರಡನ್ನೂ ಅಂಚಿಗೆ ಸಮ ತುಂಬಿದಳು. ಅಳತೆ ಮಾಡಿ ನೀರು ಹೊಯ್ಯುತ್ತಾ ಹೋದಳು. ನನ್ನ ರೇಷ್ಮೆ ಹತ್ತಿರ ಹತ್ತಿರ ಅರ್ಧ ಲೋಟ ನೀರು ಕುಡಿಯಿತು. ಇನ್ನೊಂದು ಮೂರರಲ್ಲಿ ಒಂದು ಪಾಲಿಗೇ ತುಂಬಿಹೋಯಿತು.

"ಸಣ್ಣ ಮರಳಿನಲ್ಲಿ ಜಾಗ ಕಡಿಮೆ ಇರಬೇಕಿತ್ತಲ್ಲ," ಎಂದೆ. ನಲವತ್ತು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ.

"ಬಸ್ಸಿನ ಹಾಗೆ ಅತ್ತೆ. ಎಲ್ಲರೂ ಒಂದೇ ಗಾತ್ರ ಇದ್ದರೆ ಮಧ್ಯದ ಸಂದು ಖಾಲಿ ಹೋಗುತ್ತೆ. ದಪ್ಪನೆಯವರು ಇಬ್ಬರು ಕೂತು, ನಡುವೆ ಒಬ್ಬ ಸಣ್ಣಕ್ಕಿರೋನು ತೂರಿಕೊಂಡು, ಅವನ ತೊಡೆ ಮೇಲೆ ಒಂದು ಮಗು ಕೂತರೆ ಬಸ್ಸು ತುಂಬುತ್ತೆ. ನೀರು ತುಂಬಿದ್ದು ಆ ಖಾಲಿ ಜಾಗ. ಅಷ್ಟು ಸುಣ್ಣ ಹಾಕಬೇಕು. ಸುಣ್ಣ ಜಾಸ್ತಿಯಾದಷ್ಟೂ ಒಣಗುವಾಗ ಕುಗ್ಗೋದು ಜಾಸ್ತಿ, ಬಿರುಕೂ ಜಾಸ್ತಿ."

ನಾನು ಎದ್ದು ಹಿತ್ತಲಿಗೆ ಹೋಗಿ, ದಾರಿಗೆ ಸುರಿದಿದ್ದ ದಪ್ಪ ಮರಳನ್ನು ಗುಡಿಸಿ ತಂದೆ. ಕಸ ಆರಿಸಿ ತೊಳೆಯುವುದಕ್ಕೆ ಮಧ್ಯಾಹ್ನವೆಲ್ಲ ಬೇಕಾಯಿತು. ಬುಟ್ಟಿಯಿಂದ ಹೊರಗೆ ಹಾಕಿದ್ದನ್ನು ಮತ್ತೆ ಬುಟ್ಟಿಗೆ ತುಂಬುವ ಕೆಲಸ ಮನುಷ್ಯನ ಗರ್ವಕ್ಕೆ ಒಳ್ಳೆಯ ಔಷಧ.

ಬಿರುಕು ಬಿಟ್ಟದ್ದನ್ನು ಕಿತ್ತು, ಈ ಸಲ ಎಲ್ಲ ಗಾತ್ರದ ಕಾಳೂ ಬೆರೆಸಿ, ಎರಡನೆಯ ಪಟ್ಟಿಯನ್ನು ಅವಳು ಎರಡು ಪದರದಲ್ಲಿ ಹಾಕಿದಳು. ಒಳಗೆ ದಪ್ಪ ಕಾಳಿನದು, ಮೇಲೆ ಕೊಂಚ ಸಣ್ಣದು. ಪ್ರತಿದಿನ ಎರಡು ಹೊತ್ತು ಒದ್ದೆ ಗೋಣಿ ಹೊದಿಸಿ ಬಂದೆವು. ನಾಲ್ಕನೆಯ ದಿನ ನಾನು ಕಣ್ಣುಮುಚ್ಚಿಕೊಂಡು ಗೋಣಿ ಎತ್ತಿ, ಒಂದು ಕಣ್ಣನ್ನು ಮಾತ್ರ ತೆರೆದೆ. ಒಂದು ಗೆರೆಯೂ ಇರಲಿಲ್ಲ. ಎಂಟನೆಯ ದಿನವೂ ಇರಲಿಲ್ಲ. ತಮ್ಮ ಬಂದು ಉಗುರಿನಿಂದ ಕೆರೆದು ನೋಡಿ, "ಪರವಾಗಿಲ್ಲ," ಎಂದ. ಅವನ ಬಾಯಿಂದ ಅದು ದೊಡ್ಡ ಮಾತು.

ತಿಂಗಳು ತುಂಬಿದ ದಿನ ಬೆಳಿಗ್ಗೆ ಇಂಜಿನಿಯರಮ್ಮ ಬಂದರು. ಬೀಗದ ಕೈಯಿಂದ ತಮ್ಮನ ಪಟ್ಟಿಯನ್ನು ಮೂಲೆಮೂಲೆಯಲ್ಲೂ ತಟ್ಟಿದರು. ಸೊಸೆಯದನ್ನೂ ತಟ್ಟಿದರು. ಎರಡೂ ಒಂದೇ ಸ್ವರ. ನೀರು ಚಿಮುಕಿಸಿದರು, ಎರಡೂ ಒಂದೇ ಸಮ ಹೀರಿದವು. ಅಂಗೈಯಿಂದ ಒರೆಸಿದರು, ಎರಡರಿಂದಲೂ ಪುಡಿ ಬರಲಿಲ್ಲ. ಅವರು ಹಿಂದೆ ಸರಿದು ನಿಂತು ತಲೆ ಕೆರೆದುಕೊಂಡರು. "ಕಷ್ಟಕ್ಕೆ ತಂದಿಟ್ರಿ ಇಬ್ಬರೂ," ಎಂದರು.

ಅಷ್ಟರಲ್ಲಿ ಅಂಚೆ ಕಚೇರಿಯ ಅಂಗಳಕ್ಕೆ ಆಯ್ತಣ್ಣನ ಲಾರಿ ಹಿಂದುಹಿಂದಾಗಿ ಬಂತು. ಯಾರು ಗೆದ್ದರೂ ಅವತ್ತೇ ಕೆಲಸ ಶುರುವಾಗಲಿ ಎಂದು ಮೊದಲ ಲಾರಿ ಮರಳನ್ನು ಇಂಜಿನಿಯರಮ್ಮನೇ ಹೇಳಿ ತರಿಸಿದ್ದರು, ಅದೇ ಬೂದು ರಾಶಿಯದು.

"ಒಳ್ಳೇ ಹೊತ್ತಿಗೆ ಬಂತು. ಮರಳು ನೋಡಿ ಹೇಳಿ, ಇಳಿಸಿಕೊಳ್ಳೋಣವಾ?" ಎಂದರು.

ಆಯ್ತಣ್ಣ ಒಂದು ಪುಟ್ಟ ಏಣಿ ಇಟ್ಟ. ತಮ್ಮ ಹತ್ತಿ ಒಂದು ಹಿಡಿ ತೆಗೆದು ಹಿಸುಕಿ, "ಒಳ್ಳೇ ಮಾಲು. ಇಳಿಸ್ಕೊಳಿ," ಎಂದ. ಅವನ ಕೈಯಿಂದ ನಾನೂ ಒಂದಷ್ಟು ಇಸಿದುಕೊಂಡೆ. ನಾಲಿಗೆಗಿಟ್ಟೆ, ಉಪ್ಪಿಲ್ಲ. ಅಂಗೈಯಲ್ಲಿ ತಿಕ್ಕಿದೆ, ಕಲೆಯಿಲ್ಲ. ಕಿವಿಗೆ ಕರಕರ. "ಚೆನ್ನಾಗಿದೆ," ಎಂದೆ.

ಸೊಸೆ ಏಣಿಯ ಹತ್ತಿರ ಬರಲೇ ಇಲ್ಲ. ಲಾರಿಯ ಹಿಂಬಾಗಿಲ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಸಿ ಮರಳಿನ ಲಾರಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಅದನ್ನು ಯಾರು ನೋಡುತ್ತಾರೆ. ಅಂಗಳದಲ್ಲಿ ಚೆಲ್ಲಿ ಒಣಗಿದ್ದ ಬಿಳೀ ಸುಣ್ಣದ ಮೇಲೆ ಆ ನೀರು ಹರಿದು, ಹಾಲಿಲ್ಲದ ಚಹಾದ ಬಣ್ಣದ ಗೆರೆ ಬಿದ್ದಿತ್ತು. ಅವಳು ಅದರಲ್ಲಿ ಬೆರಳದ್ದಿ ಹೆಬ್ಬೆರಳಿಗೆ ತಿಕ್ಕಿದಳು. ಎದ್ದು ನಿಂತಳು. ನನ್ನನ್ನು ನೋಡಿದಳು, ನನ್ನ ತಮ್ಮನನ್ನು ನೋಡಿದಳು.

"ಇದು ಬೇಡ ಅತ್ತೆ," ಎಂದಳು.

ಮರಳಿನ ವಿಷಯದಲ್ಲಿ ನನಗೆ ಎದುರು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ಕಿವಿ ಬಿಸಿಯಾಯಿತು. "ನಾನು ನೋಡಿದೆನಲ್ಲೇ," ಎಂದೆ.

"ನೀವು ನೋಡಿದ್ದು ಮೇಲಿಂದು. ಅದು ಚೆನ್ನಾಗೇ ಇದೆ. ಕೆಳಗೆ ಬೇರೆ ಇದೆ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ತಮ್ಮ ಏಣಿಯ ಮೇಲಿಂದಲೇ ನಕ್ಕ.

ಸೊಸೆ ನಗಲಿಲ್ಲ. ಗುದ್ದಲಿ ತೆಗೆದುಕೊಂಡು ಅವನ ಪಕ್ಕಕ್ಕೆ ಹತ್ತಿ, ಮೊಣಕೈ ಮುಳುಗುವಷ್ಟು ಆಳ ತೋಡಿ ಒಂದು ಹಿಡಿ ತೆಗೆದಳು. ಹಸಿಯಾಗಿದ್ದದ್ದರಿಂದ ಕಣ್ಣಿಗೆ ಮೇಲಿನದರ ಹಾಗೆಯೇ ಕಂಡಿತು. ಇಂಜಿನಿಯರಮ್ಮನ ಹತ್ತಿರ ಒಂದು ಖಾಲಿ ನೀರಿನ ಬಾಟಲಿ ಕೇಳಿ, ಅದಕ್ಕೆ ಮರಳು ಹಾಕಿ, ನೀರು ತುಂಬಿ, ಮಣ್ಣು ಬೇಗ ಕೆಳಗಿಳಿಯಲೆಂದು ತನ್ನ ಬುತ್ತಿಯಿಂದ ಒಂದು ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಒಂದು ಗಂಟೆ ಬಿಡಬೇಕು ಮೇಡಂ. ಮರಳು ಮೊದಲು ಕೂರುತ್ತೆ, ಮಣ್ಣು ಆಮೇಲೆ ಅದರ ಮೇಲೆ ಕೂರುತ್ತೆ."

"ಒಂದು ಗಂಟೆ ಲಾರಿ ನಿಲ್ಲಿಸೋದಾ?" ಎಂದ ಆಯ್ತಣ್ಣ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದ ಆಯ್ತು ಬರಲಿಲ್ಲ.

ತಮ್ಮ ಕೆಳಗಿಳಿದು ಬಂದ. "ನೋಡು ಮಗಳೇ, ಮೂವತ್ತು ವರ್ಷದಿಂದ ಮರಳು ಮುಟ್ಟಿದ ಕೈ ಇದು. ನಿಮ್ಮತ್ತೆಯದು ನಲವತ್ತು. ಮರಳು ಸರಿಯಾಗೇ ಇದ್ದರೆ ಈ ಕೆಲಸ ನನಗೆ ಬಿಡ್ತೀಯಾ?"

ಅವಳು ಬಾಟಲಿಯನ್ನೊಮ್ಮೆ ನೋಡಿದಳು. ಒಳಗೆಲ್ಲ ಬರೀ ಕಲಕು. "ಬಿಡ್ತೀನಿ ಮಾವ."

ಎರಡು ಪಟ್ಟಿಯೂ ಸಮ ಇರುವಾಗ ಹೀಗೆ ಮಾತು ಕೊಡಬೇಕಾಗಿತ್ತೇ. ಸುಮ್ಮನಿದ್ದಿದ್ದರೆ ಅರ್ಧ ಕಟ್ಟಡವಾದರೂ ಸಿಗುತ್ತಿತ್ತೇನೋ. ಹೇಳೋಣ ಎಂದು ಬಾಯಿ ತೆರೆದೆ. ಮೆಟ್ಟಿಲ ಮೇಲೆ ಅವಳಿಗೆ ನಾನೇ ಹೇಳಿದ್ದ ಮಾತು ನೆನಪಾಗಿ ಮುಚ್ಚಿಕೊಂಡೆ.

ಐದು ಜನ ಒಂದು ಬಾಟಲಿಯ ಮುಂದೆ ಕೂತೆವು. ಇಂಜಿನಿಯರಮ್ಮ ಎಲ್ಲರಿಗೂ ಚಹಾ ತರಿಸಿದರು. ಆಯ್ತಣ್ಣ ಎರಡು ಸಲ ಎದ್ದು ಲಾರಿಯ ಟೈರು ಒದ್ದು ನೋಡಿ ಬಂದ. ತಮ್ಮ ಬಾಟಲಿಯ ಹತ್ತಿರ ಮುಖ ತಂದು, "ಬೇಗ ಕೂತ್ಕೊಳ್ಳಪ್ಪ, ಊಟದ ಹೊತ್ತಾಯ್ತು," ಎಂದ. ನಾನು ಮನಸ್ಸಿನಲ್ಲೇ ನನ್ನ ಮಾತು ಸುಳ್ಳಾಗಲಿ ಎಂದು ಬೇಡುತ್ತಿದ್ದೆ. ನಲವತ್ತು ವರ್ಷದ ನಾಲಿಗೆ, ಅಂಗೈ, ಕಿವಿ ಮೂರೂ ಈ ಒಂದು ದಿನದ ಮಟ್ಟಿಗೆ ಕೆಲಸಕ್ಕೆ ಬಾರದವು ಎಂದಾಗಲಿ ಎಂದು. ಅಂಥ ಬೇಡಿಕೆಯನ್ನು ನಾನು ಮತ್ತೆಂದೂ ಬೇಡಿಲ್ಲ.

ಕಲಕು ಇಳಿಯಿತು. ತಳದಲ್ಲಿ ಮರಳು ನಾಲ್ಕು ಬೆರಳು ಕೂತಿತ್ತು. ಅದರ ಮೇಲೆ ಇನ್ನೂ ಒಂದು ಪದರ, ನುಣ್ಣಗೆ, ಕಂದು ಬಣ್ಣಕ್ಕೆ. ಇಂಜಿನಿಯರಮ್ಮ ಬೆರಳಿಟ್ಟು ಅಳೆದರು.

"ಎರಡು ಬೆರಳು ಮಣ್ಣು," ಎಂದರು.

ಎಲ್ಲರೂ ಆಯ್ತಣ್ಣನ ಕಡೆ ತಿರುಗಿದೆವು. ಅವನು ಕತ್ತು ತುರಿಸಿಕೊಂಡ. "ಬೂದು ರಾಶಿ ಮುಗೀತಾ ಬಂತು ಮೇಡಂ. ಕೆಳಗೆ ಕೆಂಪುದು ತುಂಬಿ, ಮೇಲೆ ಬೂದು ಮರಳನ್ನೇ ಹಾಕಿದೆ. ಪೂರ್ತಿ ಸುಳ್ಳೇನಲ್ಲ."

"ಪೂರ್ತಿ ನಿಜ ತನ್ನಿ," ಎಂದರು ಇಂಜಿನಿಯರಮ್ಮ. "ಇನ್ನೂ ನಲವತ್ತು ಲಾರಿ ಬರಬೇಕು ಈ ಕಟ್ಟಡಕ್ಕೆ. ಎಲ್ಲಾದಕ್ಕೂ ನಾನು ಬಂದು ನಿಲ್ಲೋಕಾಗಲ್ಲ." ಇಷ್ಟು ಹೇಳಿ ನನ್ನ ತಮ್ಮನ ಕಡೆ ನೋಡಿದರು, ಮುಂದಿನದನ್ನು ನೀವೇ ಹೇಳಿ ಎನ್ನುವ ಹಾಗೆ.

ಆಯ್ತಣ್ಣ ಜೇಬಿನಿಂದ ಒಂದು ಚೀಟಿ ತೆಗೆದ. "ಲಾರಿ ವಾಪಸ್ ಅಂದ್ರೆ ಇಲ್ಲಿನ ಮೇಸ್ತ್ರಿ ಸಹಿ ಬೇಕು. ಯಾರು ಹಾಕ್ತೀರಿ?"

ಅಭ್ಯಾಸಬಲ, ತಮ್ಮನ ಕೈ ಅಂಗಿಯ ಜೇಬಿಗೆ ಹೋಗಿ ಪೆನ್ನು ಹೊರಗೆ ಬಂದಾಗಿತ್ತು. ಅವನು ಆ ಪೆನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದರ ಮುಚ್ಚಳ ತೆಗೆದು ಸೊಸೆಯ ಕಡೆಗೆ ಚಾಚಿದ.

"ಮೇಸ್ತ್ರಿ ಅವರು," ಎಂದ ಆಯ್ತಣ್ಣನಿಗೆ. "ಅವರ ಹತ್ರ ಹಾಕಿಸ್ಕೋ."

ಹನ್ನೊಂದು ವರ್ಷ "ಬಾರೇ, ಹೋಗೇ, ತಾರೇ" ಎಂದಿದ್ದ ಬಾಯಿ ಅದು. ಸೊಸೆ ಪೆನ್ನು ತೆಗೆದುಕೊಂಡಳು. ಚೀಟಿಯನ್ನು ಗೋಡೆಗಿಟ್ಟು ಸಹಿ ಹಾಕಲು ಹೋಗಿ, ಹಸಿ ಪಟ್ಟಿಯೇನೋ ಎಂಬಂತೆ ಒಮ್ಮೆ ಮುಟ್ಟಿ ನೋಡಿ, ಆಮೇಲೆ ಹಾಕಿದಳು. ನನ್ನ ಕಣ್ಣಿಗೆ ಏನೋ ಬಿತ್ತು. ಮರಳೇ ಇರಬೇಕು.

ಲಾರಿ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬೇಜಾರಾಯ್ತಾ ಅತ್ತೆ?" ಎಂದಳು.

"ಆಯ್ತು," ಎಂದೆ. "ಒಂದು ಗಂಟೆ ಆಗಿತ್ತು. ಈಗ ಇಲ್ಲ."

ತಮ್ಮ ತನ್ನ ಸಾಮಾನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದ್ದ. ಹೊರಟವನು ಬಾಗಿಲಲ್ಲಿ ತಿರುಗಿ ನಿಂತು ಕೇಳಿದ: "ಕೆಲಸಕ್ಕೆ ಜನ ಬೇಕಾಗುತ್ತಲ್ಲ. ನಾಳೆ ಎಷ್ಟು ಹೊತ್ತಿಗೆ ಬರಲಿ?"

"ಎಂಟಕ್ಕೆ ಮಾವ."

"ನಾನು ಮೇಸ್ತ್ರಿ ಆಗಿದ್ದಾಗ ಒಂಬತ್ತಕ್ಕೆ ಬರ್ತಿದ್ದೆ."

"ಗೊತ್ತು ಮಾವ," ಎಂದಳು ಅವಳು, ಒಂದು ಚೂರೂ ಮರ್ಯಾದೆ ತಪ್ಪದೆ. "ಎಂಟರಿಂದ ಒಂಬತ್ತರವರೆಗೆ ಗಾರೆ ಕಲಸ್ತಿದ್ದವಳು ನಾನೇ."